ಚಾವಡಿಯ ಚರ್ಮ ಸುಲಿದವರಿಗೆ

ಕಬ್ಬಿಣದ ತುಕ್ಕು ಕೀಳುವ ಯಂತ್ರವನ್ನು ತಂದು ಹಲಸಿನ ತೊಲೆಗೆ ಹಿಡಿಯುವವನನ್ನು ಗುತ್ತಿಗೆದಾರ ಎಂದು ಕರೆಯಬೇಕೆ? ಉಡುಪಿ ಕಡೆಯ ನಮ್ಮ ತರವಾಡು ಮನೆಯ, ಅಂದರೆ ಕುಟುಂಬದ ಮೂಲಮನೆಯ, ದುರಸ್ತಿ ಎಂದರೆ ಒಡೆದ ಹಂಚು ಬದಲಿಸುವುದು, ಗೆದ್ದಲು ತಿಂದ ರೀಪು ಪಕ್ಕಾಸುಗಳನ್ನು ತೆಗೆಯುವುದು, ಹೊಸ ವಿದ್ಯುತ್ ತಂತಿ ಎಳೆಯುವುದು. ಮಾತಾಗಿದ್ದದ್ದು ಇಷ್ಟೇ, ಹಣ ಹಾಕಿದವರಲ್ಲಿ ನಾನೂ ಒಬ್ಬ. ಊರಿಗೆ ಹೋಗಿ ನೋಡಿದರೆ ಚಾವಡಿಯ, ಅಂದರೆ ಮನೆಯ ಪಡಸಾಲೆಯ, ತೊಲೆಗಳೆಲ್ಲ ಮೊನ್ನೆ ಮಿಲ್ಲಿನಿಂದ ಇಳಿಸಿದ ಕಚ್ಚಾ ಮರದ ಹಾಗೆ ಪೇಲವವಾಗಿ ನಿಂತಿವೆ. "ಸ್ಯಾಂಡ್‌ಬ್ಲಾಸ್ಟಿಂಗ್ ಮಾಡಿಸಿದೆವು, ಹೊಸತೇ ಕಾಣುತ್ತದೆ ನೋಡಿ ಮಾರಾಯರೇ" ಎಂದು ಆ ಮಹಾಶಯ ಹಲ್ಲು ಕಿರಿದ. ಒತ್ತಡದ ಗಾಳಿಯಲ್ಲಿ ಮರಳು ಚಿಮ್ಮಿಸಿ ಮೇಲ್ಮೈ ಕೆರೆಯುವುದಕ್ಕೆ ಆ ಹೆಸರು. ಹೊಸತು ಬೇಕು ಎಂದು ಯಾರು ಕೇಳಿದ್ದರು?

ಹಲಸಿನ ಮರ ಕೊಯ್ದಾಗ ಹಳದಿ. ವರ್ಷಗಳು ಕಳೆದಂತೆ ಕೆಂಪಾಗಿ, ಆಮೇಲೆ ಗಾಢ ಕಂದಾಗುತ್ತದೆ. ಅದರ ಮೇಲೆ ಅಜ್ಜನ ಕಾಲದಿಂದ ಗೆದ್ದಲು ಬಾರದಿರಲೆಂದು ಬಳಿದ ಗೇರೆಣ್ಣೆ, ಅಡುಗೆಮನೆಯ ಕಡೆಯ ತೊಲೆಗಳಿಗೆ ಒಲೆಯ ಹೊಗೆ ಮೆತ್ತಿದ ಇಲ್ಲಣ. ಕೊಳೆ ಅಂದರೆ ಕೊಳೆಯೇ, ನಾನು ಇಲ್ಲವೆನ್ನುವುದಿಲ್ಲ. ತೊಳೆಯುವ ಸೋಡಾ ಕರಗಿಸಿದ ಬಿಸಿನೀರು, ತೆಂಗಿನ ನಾರು, ಒಣಬಟ್ಟೆ ಹಿಡಿದು ಇಬ್ಬರು ಆಳುಗಳು ಕೂತಿದ್ದರೆ ಅದು ಹೋಗುತ್ತಿತ್ತು, ಮರ ಉಳಿಯುತ್ತಿತ್ತು. ಈಗ ಇಲ್ಲಣದ ಜೊತೆ ಬಾಚಿಯಿಂದ ಕೆತ್ತಿದ ಗುರುತುಗಳೂ ಹೋದವು, ತೊಲೆಯ ಅಂಚುಗಳೂ ಹೋದವು. ಕಂಬದ ತಲೆಯ ಬೋದಿಗೆಯ ಮೇಲೆ ಕೆತ್ತಿದ್ದ ಗಿಳಿಗೆ ಈಗ ಕಣ್ಣೂ ಇಲ್ಲ, ಕೊಕ್ಕೂ ಇಲ್ಲ. ಅದು ಗಿಳಿಯೋ ಗೆಣಸೋ ಎಂದು ಮಕ್ಕಳು ಕೇಳುತ್ತಿದ್ದಾರೆ.

ಕಾರಿನ ಚಕ್ರಕ್ಕೆ ತುಂಬುವ ಗಾಳಿಯ ಒತ್ತಡ 30 ಪಿಎಸ್‌ಐ ಆಸುಪಾಸು. ಉಕ್ಕಿನ ತುಕ್ಕು ಕೀಳಲು ಹಿಡಿಯುವ ಒತ್ತಡ ಸಾಮಾನ್ಯವಾಗಿ 100. ಆ ರಭಸದಲ್ಲಿ ಚೂಪಾದ ಮರಳು ಬಂದು ಬಡಿದರೆ ಅದಕ್ಕೆ ಕೊಳೆ ಯಾವುದು, ಮರ ಯಾವುದು ಎಂಬ ವಿವೇಚನೆ ಎಲ್ಲಿಂದ ಬರಬೇಕು? ಮೆತ್ತಗಿರುವುದನ್ನೆಲ್ಲ ತಿಂದು ಗಟ್ಟಿಯಿರುವುದನ್ನು ಬಿಡುತ್ತದೆ, ಅಷ್ಟೆ. ನಮ್ಮ ತೇಗದ ದಾರಂದವನ್ನು, ಬಾಗಿಲ ಚೌಕಟ್ಟನ್ನು, ಬಂದು ನೋಡಿ. ತೇಗದ ವರ್ಷದುಂಗುರದಲ್ಲಿ ಮೊದಲು ಬೆಳೆಯುವ ಭಾಗ ದೊಡ್ಡ ರಂಧ್ರಗಳದ್ದು, ಮೆದು. ಆಮೇಲೆ ಬೆಳೆದದ್ದು ಗಟ್ಟಿ. ಮೆದುವೆಲ್ಲ ಹಾರಿಹೋಗಿ ಗಟ್ಟಿ ಗೆರೆಗಳು ಏಣೇಣಾಗಿ ಎದ್ದು ನಿಂತಿವೆ. ಕೈಯಾಡಿಸಿದರೆ ಸಿಬಿರು ಚುಚ್ಚುತ್ತದೆ. ಹೀಗೆಯೇ ಬೇಕೆಂದು ದುಡ್ಡು ಕೊಟ್ಟು ಮಾಡಿಸುವ ಹೋಟೆಲಿನವರಿದ್ದಾರೆ, ಅವರ ಇಷ್ಟ. ನಮ್ಮದು ಹೋಟೆಲಲ್ಲ.

ಮರದ್ದು ಒಂದು ತೂಕವಾದರೆ ಗೋಡೆಯ ಮುರಕಲ್ಲಿನದ್ದು (ಕರಾವಳಿಯ ಕೆಂಪು ಜಂಬಿಟ್ಟಿಗೆ) ಇನ್ನೊಂದು. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುವ ಕಲ್ಲು ಅದು ಎಂದು ಕರಾವಳಿಯಲ್ಲಿ ಯಾವ ಮೇಸ್ತ್ರಿಗೆ ಗೊತ್ತಿಲ್ಲ? ಗಟ್ಟಿಯಾದ ಆ ಮೇಲ್ಪದರವೇ ಗೋಡೆಯ ಕವಚ. ಸುಣ್ಣ ಕೆದಕುವ ನೆಪದಲ್ಲಿ ಆ ಕವಚವನ್ನೇ ಹಾರಿಸಿದ್ದಾರೆ. ತೂತುಗಳೊಳಗಿನ ಮಣ್ಣೆಲ್ಲ ಉದುರಿ, ಕಲ್ಲಿನ ನಡುವಿನ ಗಾರೆ ಬೆರಳು ಹೋಗುವಷ್ಟು ಒಳಕ್ಕೆ ಸರಿದಿದೆ. ಇಲ್ಲಿ ಜೂನ್‌ನಿಂದ ಮೂರು ತಿಂಗಳು ಮಳೆ ಅಡ್ಡಡ್ಡ ಬೀಸುತ್ತದೆ. ಪಡುವಣ ಗೋಡೆ ಈಗಾಗಲೇ ನೀರು ಕುಡಿದು ಒಳಗಿನ ಕೋಣೆಯಲ್ಲಿ ಬೂಸಲು ಏರುತ್ತಿದೆ.

ಧೂಳಿನ ವಿಷಯಕ್ಕೆ ಬಂದರೆ ನನ್ನ ಸಿಟ್ಟು ಇಮ್ಮಡಿಯಾಗುತ್ತದೆ. ಬಾವಿಗೆ ಒಂದು ತಾಡಪಾಲು ಮುಚ್ಚಿರಲಿಲ್ಲ. ಉಗ್ರಾಣದ ಅಕ್ಕಿಯಲ್ಲಿ ಮರಳು, ದೇವರ ಕೋಣೆಯ ದೀಪದಲ್ಲಿ ಮರಳು. ಬಾಗಿಲುಗಳಿಗೆ ಹಳೆಯ ಕಾಲದ ಹಸಿರು ಎಣ್ಣೆಬಣ್ಣವಿತ್ತು. ಮನೆಗೆ ಬಳಿಯುವ ಬಣ್ಣದಲ್ಲಿ ವಿಷವಾದ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಅದಕ್ಕೂ ಎಷ್ಟೋ ಹಿಂದಿನ ಬಣ್ಣದಲ್ಲಿ ಏನಿತ್ತೋ, ಅದನ್ನು ನಯವಾಗಿ ಪುಡಿ ಮಾಡಿ, ತೆವಳುವ ಮಗು ಇರುವ ಮನೆಯ ತುಂಬ ಹರಡಿದ್ದಾರೆ!

ಯಂತ್ರ ಹಿಡಿದಿದ್ದ ಹುಡುಗನ ಮುಖಕ್ಕೆ ಇದ್ದದ್ದು ಒಂದು ಒದ್ದೆ ಬೈರಾಸು. ಮರಳಿನ ಸಿಲಿಕಾ ಪುಡಿಯಾಗಿ ಶ್ವಾಸಕೋಶದೊಳಗೆ ಕೂತರೆ ಬರುವ ಸಿಲಿಕೋಸಿಸ್‌ಗೆ ಗುಣವಾಗುವ ಮದ್ದಿಲ್ಲ. ಜೀನ್ಸ್ ಬಟ್ಟೆಯನ್ನು ಮಾಸಲು ಮಾಡಲೆಂದು ಮರಳು ಹೊಡೆಯುತ್ತಿದ್ದ ಹುಡುಗರು ಇದರಿಂದಲೇ ಸತ್ತ ಮೇಲೆ ತುರ್ಕಿ 2009ರಲ್ಲಿ ಆ ಕೆಲಸವನ್ನೇ ನಿಷೇಧಿಸಿತು. ಇಲ್ಲಿ ಕೇಳಿದರೆ, "ಅವನಿಗೆ ಅಭ್ಯಾಸ ಉಂಟು" ಎಂಬ ಉತ್ತರ. ಅಭ್ಯಾಸವಂತೆ!

ಹಳೆಯ ಕಟ್ಟಡಗಳಿಗೆ ಮರಳು ಹೊಡೆದರೆ ಆಗುವ ಹಾನಿಯ ಬಗ್ಗೆ ಅಮೆರಿಕ ಸರ್ಕಾರ 1979ರಲ್ಲೇ ಕೈಪಿಡಿ ಹೊರಡಿಸಿತ್ತು. ನಮ್ಮವನು ಅದನ್ನು ಓದಬೇಕಿರಲಿಲ್ಲ. ಹಟ್ಟಿಯ ಹಿಂದಿನ ಯಾವುದಾದರೂ ಬೇಡದ ಹಲಗೆಗೆ ಒಂದು ನಿಮಿಷ ಹೊಡೆದು ನೋಡುವ ಬುದ್ಧಿ ಇದ್ದಿದ್ದರೆ ಸಾಕಿತ್ತು. ಕೇಳಿದ್ದಕ್ಕೆ ಮರವೇ ಸರಿ ಇಲ್ಲ ಎಂದ. ನೂರು ಮಳೆಗಾಲ ಕಂಡ ಹಲಸು ಸರಿ ಇಲ್ಲವಂತೆ, ಇವನ ಕಂಪ್ರೆಸರ್ ಸರಿ ಇದೆಯಂತೆ. ಪರಿಹಾರವೂ ಅವನ ಬಳಿಯೇ ಇದೆ: ಮರಕ್ಕೆಲ್ಲ ಮರಳುಕಾಗದ ಉಜ್ಜಿ ಪಾಲಿಶ್, ಗೋಡೆಗೆ ಮಿರಿಮಿರಿ ಹೊಳೆಯುವ ವಾರ್ನಿಶ್. ಒಳಗೆ ಸೇರಿದ ನೀರು ಆಮೇಲೆ ಯಾವ ದಾರಿಯಲ್ಲಿ ಹೊರಗೆ ಹೋಗಬೇಕು ಎಂದರೆ ಮೌನ. ಇವೆರಡೂ ಎಸ್ಟಿಮೇಟಿನಲ್ಲಿ ಇಲ್ಲದ ಕೆಲಸ, ಆದ್ದರಿಂದ ಹಣ ಬೇರೆ. ಕೆಡಿಸಿದ್ದಕ್ಕೆ ಒಂದು ಬಿಲ್, ಕೆಡಿಸಿದ್ದನ್ನು ಮುಚ್ಚುವುದಕ್ಕೆ ಇನ್ನೊಂದು. ಕೊನೆಯ ಕಂತನ್ನು ನಾನು ತಡೆಹಿಡಿದಿದ್ದೇನೆ. ಈಗ ಆತ ನನ್ನ ಬದಲು ಅಣ್ಣಂದಿರಿಗೆ ಫೋನ್ ಮಾಡುತ್ತಾನೆ, ಅವರು ನನಗೆ ಬುದ್ಧಿ ಹೇಳುತ್ತಾರೆ.

ಈ ಗಲಾಟೆಯ ನಡುವೆ ಖುಷಿಯಾಗಿರುವವರು ದೊಡ್ಡಪ್ಪ ಒಬ್ಬರೇ. ಕಪ್ಪು ಹೋಗಿ ಚಾವಡಿಗೆ ಒಳ್ಳೆಯ ಬೆಳಕು ಬಂತಲ್ಲ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಾರೆ. ಬೆಳಕು ಬೇಕಿದ್ದರೆ ಮಾಡಿಗೆ ನಾಲ್ಕು ಗಾಜಿನ ಹಂಚು ಹಾಕಿಸಬಹುದಿತ್ತಲ್ಲ, ದೊಡ್ಡಪ್ಪ!