ತುಂಡಾದ ನರಕ್ಕೆ ಚಿಕಿತ್ಸೆಯಿದೆ: ಸ್ಪಷ್ಟನೆ

‘ಕುಡುಗೋಲು ತಾಗಿ ಕೈನರ ತುಂಡಾದರೆ ಮುಗೀತು, ಎಣ್ಣೆ ತಿಕ್ಕಿ ವರ್ಷ ಕಾಯಿರಿ’ ಎಂಬ ಸಂದೇಶ ಕಲಬುರಗಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಅದೂ ತೊಗರಿ ಕೊಯ್ಲಿನ ಹೊತ್ತಿಗೆ, ಓಡಾಡುತ್ತಿದೆ. ಇದು ತಪ್ಪು. ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಹರಿತ ಅಲಗಿಗೆ ತುಂಡಾದ ನರವನ್ನು ಕೆಲವೇ ದಿನಗಳೊಳಗೆ ಸೂಕ್ಷ್ಮದರ್ಶಕದಡಿ, ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯುತ್ತಾರೆ. ನಡುವೆ ಅಂತರ ಬಿದ್ದಿದ್ದರೆ ಕಾಲಿನಿಂದ ನರದ ತುಣುಕು ತೆಗೆದು ಕಸಿ ಮಾಡುತ್ತಾರೆ. ಆಮೇಲೆ ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿ.ಮೀ. ಮಾತ್ರ, ಮಣಿಕಟ್ಟಿನಿಂದ ಬೆರಳತುದಿ ತಲುಪಲು ತಿಂಗಳುಗಳೇ ಬೇಕು. ಇತ್ತ ನರದ ಸಂಪರ್ಕ ತಪ್ಪಿದ ಸ್ನಾಯು 12–18 ತಿಂಗಳಲ್ಲಿ ಮತ್ತೆ ಚೇತರಿಸದಷ್ಟು ಸೊರಗುತ್ತದೆ. ವರ್ಷ ಕಾಯುವುದೇ ಅಪಾಯ.

ಬರೀ ಚರ್ಮ ಹೊಲಿಸಿಕೊಂಡು ಮನೆಗೆ ಬರಬೇಡಿ. ಬೆರಳು ಜೋಮು ಹಿಡಿದಿದ್ದರೆ ಅಂದೇ ವೈದ್ಯರಿಗೆ, ‘ಸಾಹೇಬ್ರ, ಇಲ್ಲಿ ಮುಟ್ಟಿದ್ದು ಗೊತ್ತಾಗವಲ್ದರಿ’ ಅಂತ ಬಾಯಿಬಿಟ್ಟು ಹೇಳಿ.