ಖಿನ್ನತೆಯಿಂದ ಏಳುತ್ತಿರುವವರ ಕೈಗೆ ಕೃತಜ್ಞತೆಯ ಪಟ್ಟಿ ಕೊಡುವ ಮುನ್ನ

"ನಿನಗೇನು ಕಡಿಮೆ? ಇರೋದನ್ನ ನೆನೆಸ್ಕೊ, ಎಲ್ಲ ಸರಿಹೋಗುತ್ತೆ." ಖಿನ್ನತೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಮನೆಯವರು ಪ್ರೀತಿಯಿಂದಲೇ ಹೇಳುವ ಮಾತಿದು. ಕೇಳಿದವರ ಎದೆಗೆ ಅದು ಬೇರೆಯಾಗಿ ಇಳಿಯುತ್ತದೆ: ಇಷ್ಟೆಲ್ಲ ಇದ್ದೂ ನಾನು ಹೀಗಿದ್ದೇನೆ, ತಪ್ಪು ನನ್ನದೇ. ಬದುಕಿನಲ್ಲಿರುವ ಒಳ್ಳೆಯದನ್ನೆಲ್ಲ ಬರೆದಿಡುವ 'ಕೃತಜ್ಞತೆಯ ಪಟ್ಟಿ'ಯೂ ಇದೇ ಮಾತಿನ ಇನ್ನೊಂದು ರೂಪ.

'ಕೃತಜ್ಞತೆ' ನಮ್ಮ ದಿನದ ಮಾತಿನ ಪದವಲ್ಲ. ನಮ್ಮ ಬಾಯಲ್ಲಿ ಬರುವುದು ಋಣ: ಅನ್ನದ ಋಣ, ಹೆತ್ತವರ ಋಣ. ಋಣವೆಂದರೆ ತೀರಿಸಬೇಕಾದದ್ದು. ತಾನು ಎಲ್ಲರಿಗೂ ಹೊರೆ ಎಂದು ಮೊದಲೇ ನಂಬಿರುವವರು ಪಟ್ಟಿ ಮಾಡಲು ಕೂತರೆ ಅದು ಸಾಲದ ಲೆಕ್ಕವಾಗಿಬಿಡುತ್ತದೆ. "ಅಮ್ಮ ನನಗೋಸ್ಕರ ಎಷ್ಟು ಕಷ್ಟಪಡ್ತಾಳೆ" ಎಂದು ಬರೆದ ಸಾಲು ರಾತ್ರಿಯಿಡೀ ಚುಚ್ಚುತ್ತದೆ.

ಹಾಗೆಂದು ಬರೆಯುವುದೇ ಬೇಡ ಅಂತಲ್ಲ. ಬೇಕು, ಆದರೆ ಕ್ರಮ ಬೇರೆ.

ಮೊದಲ ಎರಡು ವಾರ ಕೃತಜ್ಞತೆಯ ಗೋಜಿಗೇ ಹೋಗಬೇಡಿ. ದಿನಕ್ಕೆ ಒಂದೇ ಸಾಲು ಸಾಕು: ಎಷ್ಟು ಗಂಟೆ ನಿದ್ದೆ, ಮಾತ್ರೆ ತೆಗೆದುಕೊಂಡದ್ದಾಯಿತೇ, ಎಷ್ಟು ಸಲ ಊಟ, ಮನೆಯಿಂದ ಹೊರಗೆ ಹೆಜ್ಜೆ ಇಟ್ಟದ್ದುಂಟೇ, ಮನಸ್ಸಿಗೆ 0ರಿಂದ 10ರೊಳಗೆ ಒಂದು ಅಂಕ. ಖಿನ್ನತೆ ನೆನಪನ್ನು ಒಂದೇ ಬಣ್ಣಕ್ಕೆ ಅದ್ದುತ್ತದೆ, "ತಿಂಗಳಿಡೀ ಹೀಗೇ ಇತ್ತು" ಅನ್ನಿಸುತ್ತದೆ. ಪುಸ್ತಕ ತೆರೆದರೆ ಮಂಗಳವಾರ 3, ಶುಕ್ರವಾರ 5 ಎಂದು ಕಾಣುತ್ತದೆ. ಮನೋವೈದ್ಯರಿಗೂ "ಪರವಾಗಿಲ್ಲ ಡಾಕ್ಟ್ರೇ" ಎನ್ನುವ ಉತ್ತರಕ್ಕಿಂತ ಈ ಪುಟ ಹೆಚ್ಚು ಹೇಳುತ್ತದೆ.

ಆಮೇಲೆ ಒಂದು ವಾರ, ರಾತ್ರಿ ಮಲಗುವ ಮುಂಚೆ, ಆ ದಿನ ಚೆನ್ನಾಗಿ ನಡೆದ ಮೂರು ಸಂಗತಿ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದ್ದದ್ದು ಇದೇ. ಒಂದು ವಾರ ಹೀಗೆ ಬರೆದವರಲ್ಲಿ ಖಿನ್ನತೆಯ ಲಕ್ಷಣಗಳು ಆರು ತಿಂಗಳವರೆಗೂ ಕಡಿಮೆ ಇದ್ದವು. ಆದರೆ ಹೆಚ್ಚಿನವರು ಅದರ ಅರ್ಧವನ್ನು ಬಿಟ್ಟುಬಿಡುತ್ತಾರೆ. ಪ್ರತಿ ಸಂಗತಿಯ ಮುಂದೆ 'ಇದು ಯಾಕೆ ಆಯಿತು' ಎಂದೂ ಬರೆಯಬೇಕು. "ಪಕ್ಕದ ಮನೆ ಆಂಟಿ ಮಾತಾಡಿಸಿದರು. ಯಾಕೆ? ನಾನು ಬಾಗಿಲಿಗೆ ಬಂದು ನಿಂತಿದ್ದೆ." ಆ ಎರಡನೆಯ ಸಾಲಿನಲ್ಲಿ ನಿಮ್ಮ ಪಾಲೂ ಇದೆ. ಅಲ್ಲಿ ಋಣದ ಭಾರ ಇಳಿಯುತ್ತದೆ. 'ಕುಟುಂಬ, ಆರೋಗ್ಯ, ದೇವರು' ಎಂದು ದಿನವೂ ಅದನ್ನೇ ಬರೆದರೆ ಅದು ಕಾಪಿ ಬರೆದಂತೆ. ಬಿಸಿ ನೀರು ಬಂತು, ಸಾರಿಗೆ ಉಪ್ಪು ಹದವಾಗಿತ್ತು, ಇಂಥವೇ ಸಾಕು. ಏನೂ ಸಿಗದ ದಿನ "ಇವತ್ತು ಏನೂ ಇಲ್ಲ" ಎಂದು ಬರೆದು ಮುಚ್ಚಿ. ಅದೂ ಪ್ರಾಮಾಣಿಕ ದಾಖಲೆ.

ವಾರ ಕಳೆದ ಮೇಲೆ ವಾರಕ್ಕೊಮ್ಮೆಗೆ ಇಳಿಸಿ. ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್ಸ್ಕಿಯವರ ಆರು ವಾರಗಳ ಪ್ರಯೋಗದಲ್ಲಿ ವಾರಕ್ಕೊಮ್ಮೆ ಬರೆದವರಿಗೆ ಲಾಭ ಕಂಡಿತು, ವಾರಕ್ಕೆ ಮೂರು ಸಲ ಬರೆದವರಿಗೆ ಕಾಣಲಿಲ್ಲ.

ನೋವಿನ ಬಗ್ಗೆ ಬರೆಯುವುದು ಇನ್ನೂ ಸೂಕ್ಷ್ಮ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ನಡೆದದ್ದನ್ನೂ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ಆರು ತಿಂಗಳು ಕಾಯಿಲೆಯೆಂದು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರ ಮನಸ್ಸು ಕುಗ್ಗಿತ್ತು. ಹಾಗಾಗಿ ಇದನ್ನು ಮಲಗುವ ಹೊತ್ತಿಗೆ ಇಟ್ಟುಕೊಳ್ಳಬೇಡಿ. ಹಗಲಲ್ಲಿ, ಅಲಾರಂ ಇಟ್ಟು, ಮುಗಿದ ಮೇಲೆ ಎದ್ದು ಮುಖ ತೊಳೆಯಿರಿ. ಮೂರು ದಿನವೂ ಅದೇ ವಾಕ್ಯ ಬರುತ್ತಿದ್ದರೆ ಅದು ಬರವಣಿಗೆಯಲ್ಲ, ಕೊರಗು. ನಿಲ್ಲಿಸಿ, ಆ ಪುಟವನ್ನು ಆಪ್ತಸಮಾಲೋಚಕರ ಹತ್ತಿರ ಒಯ್ಯಿರಿ.

ಇದಾವುದೂ ಮಾತ್ರೆಗೆ ಬದಲಿಯಲ್ಲ. 27 ಅಧ್ಯಯನಗಳನ್ನು ಒಟ್ಟಿಗೆ ಅಳೆದ 2020ರ ವಿಶ್ಲೇಷಣೆಯಲ್ಲಿ ಕೃತಜ್ಞತಾ ಅಭ್ಯಾಸಗಳಿಂದ ಖಿನ್ನತೆ, ಆತಂಕದ ಮೇಲೆ ಆದ ಪರಿಣಾಮ ಸಣ್ಣದೇ. ಆ ಸಣ್ಣದಕ್ಕೂ ಬೆಲೆಯಿದೆ, ಆದರೆ ಡೈರಿ ಶುರುವಾಯಿತೆಂದು ಔಷಧ ನಿಲ್ಲಿಸಿದರೆ ಬಿದ್ದ ಕಡೆಗೇ ಮತ್ತೆ ಜಾರುವ ಅಪಾಯವಿದೆ.

ಮನೆಯವರಲ್ಲಿ ಒಂದು ವಿನಂತಿ: ಆ ಪುಸ್ತಕ ತೆರೆಯಬೇಡಿ. ಯಾರಾದರೂ ಓದುತ್ತಾರೆಂದು ಗೊತ್ತಾದ ದಿನದಿಂದ ಅದರಲ್ಲಿ ನಿಜ ಇಳಿಯುವುದಿಲ್ಲ.

ಬರೆಯುತ್ತಾ ಸಾಯುವ ಯೋಚನೆ ಬಂದರೆ ಪೆನ್ನು ಕೆಳಗಿಟ್ಟು ಹತ್ತಿರದವರನ್ನು ಕರೆಯಿರಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿ. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ.