ಮೆಲ್ ಅಲ್ಮಾಡ: ‘ಮೊದಲಿಗ’ ಅನ್ನುವಲ್ಲಿಗೇ ನಿಲ್ಲಿಸಬೇಡಿ

ಮೆಕ್ಸಿಕೊದ ಬೇಸ್‌ಬಾಲ್ ಅಂದ ಕೂಡಲೇ ಎಲ್ಲರೂ ಹೇಳುವ ಹೆಸರು ಫರ್ನಾಂಡೊ ವಲೆನ್ಸುಯೆಲಾ. 1981ರಲ್ಲಿ ಒಂದೇ ವರ್ಷ ಅತ್ಯುತ್ತಮ ಎಸೆತಗಾರನಿಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನೂ ಅತ್ಯುತ್ತಮ ಹೊಸ ಆಟಗಾರನ ಪ್ರಶಸ್ತಿಯನ್ನೂ ಗೆದ್ದ ಪಿಚರ್, ಅಂದರೆ ಎಸೆತಗಾರ. ಅವನ ಮೇಲೆ ನನಗೂ ಅಪಾರ ಅಭಿಮಾನ. ಆದರೆ ಅದಕ್ಕೂ 48 ವರ್ಷ ಹಿಂದೆ, 1933ರ ಸೆಪ್ಟೆಂಬರ್ 8ರಂದು, ಬಾಸ್ಟನ್ ರೆಡ್ ಸಾಕ್ಸ್ ಪರ ಮೈದಾನಕ್ಕಿಳಿದ ಇಪ್ಪತ್ತು ವರ್ಷದ ಹುಡುಗನೊಬ್ಬನಿದ್ದ. ಮೆಲ್ ಅಲ್ಮಾಡ, ಮೈದಾನದ ಹೊರಭಾಗ ಕಾಯುವ ಔಟ್‌ಫೀಲ್ಡರ್. ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಮಟ್ಟವಾದ ಮೇಜರ್ ಲೀಗ್ ಆಡಿದ ಮೊದಲ ಮೆಕ್ಸಿಕನ್. ಅವನ ಬಗ್ಗೆ ಬರೆಯುವವರೆಲ್ಲ ಈ ಒಂದು ಸಾಲು ಬರೆದು ಮುಂದೆ ಹೋಗಿಬಿಡುತ್ತಾರೆ. ನನ್ನ ತಕರಾರು ಇರುವುದೇ ಅಲ್ಲಿ.

ಆಟ ನೋಡಿ. 1937ರ ಜುಲೈ 25ರಂದು, ಆಗ ಅವನು ಆಡುತ್ತಿದ್ದ ವಾಷಿಂಗ್ಟನ್ ತಂಡಕ್ಕೆ ಒಂದೇ ದಿನ ಎರಡು ಪಂದ್ಯ. ಎರಡರಲ್ಲೂ ಸೇರಿ ಅಲ್ಮಾಡ ಒಬ್ಬನೇ 9 ರನ್ ಗಳಿಸಿದ. ಬೇಸ್‌ಬಾಲ್ ಅಂದರೆ ಒಂದು ಪಂದ್ಯಕ್ಕೆ ಇಡೀ ತಂಡ ನಾಲ್ಕೈದು ರನ್ ಮಾಡಿದರೆ ಸಮಾಧಾನಪಡುವ ಆಟ! ಮರುವರ್ಷ ವಾಷಿಂಗ್ಟನ್‌ನಲ್ಲಿ ಬ್ಯಾಟ್ ಕೈಕೊಟ್ಟಾಗ ಅವನನ್ನು ಸೇಂಟ್ ಲೂಯಿಸ್ ಬ್ರೌನ್ಸ್‌ಗೆ ಸಾಗಹಾಕಿದರು. ಸೋಲೇ ವಾಡಿಕೆಯಾಗಿದ್ದ ತಂಡ. ಅಲ್ಲಿ ಸತತ 29 ಪಂದ್ಯಗಳಲ್ಲಿ, ಒಂದನ್ನೂ ಬಿಡದೆ, ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟುವುದು) ಹೊಡೆದ. ಆ ವರ್ಷದ ಸರಾಸರಿ .311, ಅಂದರೆ ನೂರಕ್ಕೆ ಸುಮಾರು 31 ಸಲ ಹಿಟ್. ಹತ್ತರಲ್ಲಿ ಮೂರು ಸಲ ಹಿಟ್ ಸಿಕ್ಕರೆ ಒಳ್ಳೆಯ ಬ್ಯಾಟರ್ ಎನ್ನುವ ಆಟದಲ್ಲಿ ಇದು ಸಣ್ಣದಲ್ಲ.

1939ರಲ್ಲಿ ಬ್ಯಾಟ್ ಮತ್ತೆ ಸೋತಿತು, ಬ್ರೂಕ್ಲಿನ್ ಡಾಜರ್ಸ್‌ಗೆ ಹೋದ, ಇಪ್ಪತ್ತಾರಕ್ಕೇ ಮೇಜರ್ ಲೀಗ್ ಮುಗಿಯಿತು. ಏಳು ಸೀಸನ್, 646 ಪಂದ್ಯ, ಸರಾಸರಿ .284. ಚೆಂಡನ್ನು ಮೈದಾನದಾಚೆ ಹೊಡೆಯುವ ಹೋಮ್ ರನ್ ಕಡಿಮೆ, ನಿಜ. ಓಟ ಮತ್ತು ಹಿಟ್ ನಂಬಿದ್ದ ಆಟಗಾರ.

ಇನ್ನೊಂದು ಮಾತು ಹೇಳಲೇಬೇಕು. ಅಲ್ಮಾಡ ಮೆಕ್ಸಿಕೊದ ಸೊನೋರಾ ರಾಜ್ಯದ ಹುವಾತಬಾಂಪೊದಲ್ಲಿ ಹುಟ್ಟಿ ಲಾಸ್ ಏಂಜಲೀಸ್‌ನಲ್ಲಿ ಬೆಳೆದವನು. ಅವನು ರೆಡ್ ಸಾಕ್ಸ್ ಸೇರುವ ಹೊತ್ತಿಗೆ ಅದೇ ಲಾಸ್ ಏಂಜಲೀಸ್‌ನಿಂದ ಮೆಕ್ಸಿಕನ್ ಕುಟುಂಬಗಳನ್ನು ರೈಲು ಹತ್ತಿಸಿ ಗಡಿಯಾಚೆ ಕಳಿಸುತ್ತಿದ್ದರು. ಆರ್ಥಿಕ ಕುಸಿತದ ಕಾಲ, ಕೆಲಸ ಕಿತ್ತುಕೊಂಡವರು ಇವರೇ ಎಂಬ ಆರೋಪ. ಹೋದವರಲ್ಲಿ ಅಮೆರಿಕದಲ್ಲೇ ಹುಟ್ಟಿದ ಮಕ್ಕಳೂ ಇದ್ದರು. ಇಂಥ ಹೊತ್ತಲ್ಲಿ ಅಲ್ಮಾಡನಿಗೆ ಬಾಗಿಲು ತೆರೆಯಿತು ಅಂದರೆ, ಪ್ರತಿಭೆಯ ಜೊತೆಗೆ ಅವನ ಬಿಳಿ ಮೈಬಣ್ಣವೂ ಕಾರಣ. ಕಪ್ಪು ಆಟಗಾರರಿಗೆ ಮೇಜರ್ ಲೀಗ್ 1947ರಲ್ಲಿ ಜ್ಯಾಕಿ ರಾಬಿನ್ಸನ್ ಬರುವವರೆಗೂ ಮುಚ್ಚಿಯೇ ಇತ್ತು. ಅಮೆರಿಕದವನೇ ಆದ, ಔಟ್‌ಫೀಲ್ಡರೇ ಆದ ಕಪ್ಪು ಆಟಗಾರ ‘ಕೂಲ್ ಪಾಪಾ’ ಬೆಲ್ ಅನ್ನ ಹುಡುಕಿಕೊಂಡು ಮೆಕ್ಸಿಕೊಗೆ ಹೋದ. 1940ರಲ್ಲಿ ಅಲ್ಲಿನ ಲೀಗ್‌ನಲ್ಲಿ ಸರಾಸರಿ, ಹೋಮ್ ರನ್, ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ಬಂದ ರನ್) ಮೂರರಲ್ಲೂ ಅವನೇ ಮೊದಲು. ಮೆಕ್ಸಿಕೊದವನು ಉತ್ತರಕ್ಕೆ, ಅಮೆರಿಕದವನು ದಕ್ಷಿಣಕ್ಕೆ! ಇದು ಅಲ್ಮಾಡನ ತಪ್ಪಲ್ಲ. ಆದರೆ ಇದನ್ನು ಬಿಟ್ಟು ‘ಮೊದಲಿಗ’ ಎಂದು ಚಪ್ಪಾಳೆ ತಟ್ಟಿದರೆ ಬೆಲ್‌ಗೂ ಅನ್ಯಾಯ, ಅಲ್ಮಾಡನಿಗೂ ಅನ್ಯಾಯ.

ಮೆಕ್ಸಿಕೊದವರು 1971ರಲ್ಲೇ ಅವನನ್ನು ತಮ್ಮ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ಅವನು ತೀರಿಕೊಂಡದ್ದು 1988ರಲ್ಲಿ, ಸೊನೋರಾದ ಕಬೋರ್ಕಾದಲ್ಲಿ. ಅಂದರೆ ವಲೆನ್ಸುಯೆಲಾನ ಆ 1981ರ ಸೀಸನ್ ನಡೆಯುವಾಗ ಅಲ್ಮಾಡ ಇನ್ನೂ ಬದುಕಿದ್ದ. ವಲೆನ್ಸುಯೆಲಾ ಕೂಡ ಸೊನೋರಾದ ಅದೇ ದಕ್ಷಿಣ ಭಾಗದವನು. ಮುಂದಿನ ಸಲ ಯಾರಾದರೂ ಕಥೆಯನ್ನು 1981ರಿಂದ ಶುರು ಮಾಡಿದರೆ, ದಯವಿಟ್ಟು ತಡೆದು 1933ಕ್ಕೆ ಕರೆದುಕೊಂಡು ಹೋಗಿ.